ಫ್ಲೈಟ್ ಸಿಮ್ಯುಲೇಟರ್‌ನ ಸಂಜೆಗೆ ಬಣ್ಣ ಬರುವುದು ಎಲ್ಲಿಂದ?

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸಕ್ಕೆ 2020ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಹೊಸ ಆವೃತ್ತಿ ಬಂದ ಮೇಲೆ ಹೊಸಬರ ದೊಡ್ಡ ಗುಂಪೇ ಸೇರಿಕೊಂಡಿತು. 2024ರ ನವೆಂಬರ್‌ನಲ್ಲಿ ಅದರ ಮುಂದಿನ ಆವೃತ್ತಿಯೂ ಬಂತು. ವಿಮಾನ ಏರಿಸುವುದನ್ನೂ ಇಳಿಸುವುದನ್ನೂ ಒಂದು ಮಟ್ಟಿಗೆ ಕಲಿತ ಮೇಲೆ ಇವರ ಗಮನ ಕಾಕ್‌ಪಿಟ್‌ನ ಕಿಟಕಿಯಾಚೆಗೆ ಹರಿಯುತ್ತದೆ. ಸಂಜೆಯ ಆಕಾಶ ಒಂದು ದಿನ ನಿಜವೆಂದೇ ಅನ್ನಿಸಿ, ಮರುದಿನ ಅತಿಯಾಗಿ ಬಣ್ಣ ಬಳಿದಂತೆ ಕಾಣುವುದೇಕೆ ಎಂಬ ಪ್ರಶ್ನೆ ಆಗ ತಪ್ಪದೆ ಏಳುತ್ತದೆ. ‘ನೈಜ ಆಕಾಶದ ಬಣ್ಣ’ ಕೊಡುತ್ತೇವೆಂದು ಹೇಳಿಕೊಳ್ಳುವ ಹವಾಮಾನದ ಆಡ್-ಆನ್‌ಗಳು ಹಲವು ಇವೆ. ಅವುಗಳಲ್ಲಿ ಯಾವುದು ನಿಜಕ್ಕೂ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಸೂರ್ಯಾಸ್ತದ ಬಣ್ಣ ಹುಟ್ಟುವ ಬಗೆಯನ್ನೂ, ಅದನ್ನು ಸಿಮ್ಯುಲೇಟರ್ ಲೆಕ್ಕ ಹಾಕುವ ಬಗೆಯನ್ನೂ ಸ್ವಲ್ಪ ತಿಳಿದಿರಬೇಕಾಗುತ್ತದೆ.

ಆಡ್-ಆನ್ ಮುಟ್ಟುವುದು ಯಾವುದನ್ನು?

ಆಡ್-ಆನ್ ಎಂದರೆ ಮೂಲ ಸಿಮ್ಯುಲೇಟರ್‌ಗೆ ಬೇರೊಬ್ಬರು ತಯಾರಿಸಿ ಜೋಡಿಸುವ ಹೆಚ್ಚುವರಿ ತಂತ್ರಾಂಶ. ಆಕಾಶಕ್ಕೆ ಸಂಬಂಧಿಸಿದವನ್ನೆಲ್ಲ ಜನ ಒಟ್ಟಾಗಿ ‘ವೆದರ್ ಆಡ್-ಆನ್’ ಎಂದು ಕರೆದರೂ ಅವು ಮಾಡುವ ಕೆಲಸ ಒಂದೇ ಅಲ್ಲ. ಆಕ್ಟಿವ್ ಸ್ಕೈ ಎಂಬಂಥವು ವಿಮಾನ ನಿಲ್ದಾಣಗಳ ಹವಾಮಾನ ವರದಿಗಳನ್ನೂ ಮೇಲ್ಗಾಳಿಯ ಮುನ್ಸೂಚನೆಗಳನ್ನೂ ಓದಿ, ಎಲ್ಲಿ ಎಷ್ಟು ಮೋಡ, ಎಷ್ಟು ಮಸುಕು, ಎಷ್ಟು ಗಾಳಿ ಇರಬೇಕೆಂದು ಸಿಮ್ಯುಲೇಟರ್‌ಗೆ ಹೇಳುತ್ತವೆ. ಇನ್ನು ಕೆಲವು ಮೋಡ, ನೀರು, ಆಕಾಶಗಳ ಚಿತ್ರಗಳನ್ನೇ ಬದಲಿಸುತ್ತವೆ. ಇಂಥ ಚಿತ್ರಗಳಿಗೆ ಟೆಕ್ಸ್ಚರ್ ಎನ್ನುತ್ತಾರೆ. 2006ರಲ್ಲಿ ಬಂದ ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ಗೆ ತಯಾರಾದ ರೆಕ್ಸ್ ಈ ಬಗೆಯದು. ಮೂರನೆಯ ಬಗೆಯವು ಶೇಡರ್‌ಗಳನ್ನು ತಿದ್ದುತ್ತವೆ. ತೆರೆಯ ಮೇಲಿನ ಪ್ರತಿ ಚುಕ್ಕೆಗೆ ಯಾವ ಬಣ್ಣ ಕೊಡಬೇಕೆಂದು ಗ್ರಾಫಿಕ್ಸ್ ಕಾರ್ಡ್‌ಗೆ ಹೇಳುವ ಪುಟ್ಟ ಪ್ರೋಗ್ರಾಂಗೆ ಶೇಡರ್ ಎಂದು ಹೆಸರು.

ಈ ವಿಂಗಡಣೆ ತಿಳಿದಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಮೊದಲ ಬಗೆಯದು ಸಾಮಗ್ರಿ ಒದಗಿಸುತ್ತದೆ, ಉಳಿದೆರಡು ಬಣ್ಣವನ್ನು ನೇರವಾಗಿ ಬದಲಿಸುತ್ತವೆ. ಹವಾಮಾನದ ಮಾಹಿತಿ ಎಷ್ಟು ನಿಖರವಾಗಿದ್ದರೂ ಶೇಡರ್ ತಪ್ಪು ಲೆಕ್ಕ ಹಾಕಿದರೆ ಸಂಜೆ ಕೆಡುತ್ತದೆ. ಶೇಡರ್ ಎಷ್ಟು ಸರಿಯಾಗಿದ್ದರೂ ಗಾಳಿಯಲ್ಲಿ ಎಷ್ಟು ದೂಳಿದೆ ಎಂಬುದು ಗೊತ್ತಿಲ್ಲದಿದ್ದರೆ ಅದೂ ಊಹೆಯ ಮೇಲೆಯೇ ನಿಲ್ಲಬೇಕಾಗುತ್ತದೆ.

ನಿಜವಾದ ಆಕಾಶದಲ್ಲಿ ನಡೆಯುವುದೇನು?

ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಪ್ರತಿ ಬಣ್ಣಕ್ಕೂ ತನ್ನದೇ ತರಂಗಾಂತರ, ಅಂದರೆ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ, ಇರುತ್ತದೆ. ನೀಲಿಯದು ಸುಮಾರು 450 ನ್ಯಾನೋಮೀಟರ್, ಕೆಂಪಿನದು ಸುಮಾರು 650. ಗಾಳಿಯಲ್ಲಿರುವ ನೈಟ್ರೋಜನ್, ಆಕ್ಸಿಜನ್ ಅಣುಗಳು ಈ ಅಲೆಗಳಿಗಿಂತ ಬಹಳ ಚಿಕ್ಕವು. ಅಂಥ ಕಣಗಳಿಗೆ ಬಡಿದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ಮತ್ತು ತರಂಗಾಂತರ ಕಡಿಮೆಯಾದಷ್ಟೂ ಚದುರುವಿಕೆ ತೀವ್ರವಾಗಿ ಹೆಚ್ಚುತ್ತದೆ. ಇದರ ನಿಯಮವನ್ನು ಲಾರ್ಡ್ ರೇಲೀ 1871ರಲ್ಲಿ ವಿವರಿಸಿದರು: ತರಂಗಾಂತರ ಅರ್ಧವಾದರೆ ಚದುರುವಿಕೆ ಹದಿನಾರು ಪಟ್ಟಾಗುತ್ತದೆ. ಈ ಲೆಕ್ಕದಲ್ಲಿ ನೀಲಿ ಬೆಳಕು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ಯಾವ ಕಡೆ ನೋಡಿದರೂ ನೀಲಿಯಾಗಿ ಕಾಣುವುದು ಇದರಿಂದ.

ಸಂಜೆ ಬದಲಾಗುವುದು ಬೆಳಕು ಸಾಗುವ ದಾರಿಯ ಉದ್ದ. ಸೂರ್ಯ ನೆತ್ತಿಯ ಮೇಲಿರುವಾಗ ಅದು ದಾಟಬೇಕಾದ ಗಾಳಿಯನ್ನು ಒಂದು ಎಂದಿಟ್ಟುಕೊಂಡರೆ, ಸೂರ್ಯ ದಿಗಂತವನ್ನು ಮುಟ್ಟಿದಾಗ ಅದು ಸುಮಾರು 38ರಷ್ಟಾಗುತ್ತದೆ. ದೂಳನ್ನು ಬಿಟ್ಟು ಬರಿಯ ಗಾಳಿಯ ಅಣುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ನೆತ್ತಿಯ ಸೂರ್ಯನಿಂದ ಹೊರಟ ನೀಲಿಯಲ್ಲಿ ಹೆಚ್ಚುಕಡಿಮೆ ಶೇಕಡಾ 80ರಷ್ಟು ನೇರವಾಗಿ ನೆಲ ತಲುಪುತ್ತದೆ. ಮುಳುಗುವ ಸೂರ್ಯನಿಂದ ಹೊರಟ ನೀಲಿಯಲ್ಲಿ ಹಾಗೆ ನೇರವಾಗಿ ತಲುಪುವುದು ಹತ್ತು ಸಾವಿರದಲ್ಲಿ ಎರಡು ಪಾಲಿನಷ್ಟು ಮಾತ್ರ. ಅದೇ ಹೊತ್ತಿಗೆ ಕೆಂಪಿನಲ್ಲಿ ಶೇಕಡಾ 15ರಷ್ಟು ಉಳಿದಿರುತ್ತದೆ. ಸೂರ್ಯಬಿಂಬ ಕೆಂಪಗಾಗುವುದಕ್ಕೂ, ಆ ಬೆಳಕು ಬಿದ್ದ ಮೋಡ, ಬೆಟ್ಟ, ವಿಮಾನದ ರೆಕ್ಕೆಗಳೆಲ್ಲ ಕೆಂಪಗಾಗುವುದಕ್ಕೂ ಇಷ್ಟೇ ಕಾರಣ.

ಗಾಳಿಯಲ್ಲಿ ಅಣುಗಳಷ್ಟೇ ಇಲ್ಲ. ದೂಳು, ಹೊಗೆ, ಸಮುದ್ರದ ಉಪ್ಪಿನ ಕಣ, ಸಣ್ಣ ನೀರ ಹನಿ ಇವೆಲ್ಲ ತೇಲುತ್ತಿರುತ್ತವೆ. ಇವುಗಳಿಗೆ ಒಟ್ಟಾಗಿ ಏರೋಸಾಲ್ ಎನ್ನುತ್ತಾರೆ. ಇವು ಬೆಳಕಿನ ಅಲೆಗೆ ಸರಿಸಮಾನವಾದ ಇಲ್ಲವೇ ಅದಕ್ಕಿಂತ ದೊಡ್ಡ ಕಣಗಳಾದ್ದರಿಂದ ಬಣ್ಣ ಬಣ್ಣಕ್ಕೆ ಅಷ್ಟೇನೂ ಭೇದ ಮಾಡದೆ, ಬಹುಪಾಲು ಬೆಳಕನ್ನು ಅದು ಸಾಗುತ್ತಿದ್ದ ದಿಕ್ಕಿಗೇ ಮುಂದೆ ಚದುರಿಸುತ್ತವೆ. ಇಂಥ ಚದುರುವಿಕೆಯ ಗಣಿತವನ್ನು 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಬರೆದರು. ಸೂರ್ಯನ ಸುತ್ತ ಕಾಣುವ ಬಿಳಿಯ ಅಥವಾ ಹೊಂಬಣ್ಣದ ಪ್ರಭೆ, ದೂರದ ಬೆಟ್ಟಗಳನ್ನು ಮುಚ್ಚುವ ಮಸುಕು ಇವೆಲ್ಲ ಏರೋಸಾಲ್‌ನ ಕೆಲಸ.

ದೂಳು ಹೊಗೆ ಹೆಚ್ಚಿದ್ದರೆ ಸಂಜೆ ಹೆಚ್ಚು ರಂಗೇರುತ್ತದೆ ಎಂಬ ನಂಬಿಕೆ ಬಹಳ ಹರಡಿದೆ. ನೆಲದ ಹತ್ತಿರದ ದೂಳಿನ ಮಟ್ಟಿಗೆ ಇದು ಸರಿಯಲ್ಲ. ದಟ್ಟವಾದ ಮಸುಕಿನಲ್ಲಿ ಸೂರ್ಯ ಮಂಕಾದ ಕೆಂಪು ಬಿಲ್ಲೆಯಾಗಿ, ಎಷ್ಟೋ ಬಾರಿ ದಿಗಂತ ಮುಟ್ಟುವ ಮೊದಲೇ ಕಾಣೆಯಾಗುತ್ತಾನೆ. ಉಳಿದ ಆಕಾಶ ಬೂದು ಮಿಶ್ರಿತ ಹಳದಿಯಾಗಿ ಸಪ್ಪಗಾಗುತ್ತದೆ. ಮಳೆ ನಿಂತು ಗಾಳಿ ತೊಳೆದಂತಾದ ಸಂಜೆಗಳಲ್ಲಿಯೇ ಬಣ್ಣಗಳು ಸ್ವಚ್ಛವಾಗಿ ಬೇರೆ ಬೇರೆಯಾಗಿ ಕಾಣುವುದು. ಜ್ವಾಲಾಮುಖಿಯ ಕಣಗಳು ಇದಕ್ಕೆ ಹೊರತು. 1883ರಲ್ಲಿ ಕ್ರಕಟೋವಾ, 1991ರಲ್ಲಿ ಪಿನಟೂಬೊ ಸಿಡಿದಾಗ ಗಂಧಕದ ಸೂಕ್ಷ್ಮ ಹನಿಗಳು ಮೋಡಗಳಿಗಿಂತ ಎಷ್ಟೋ ಮೇಲೆ, ಸ್ತರಮಂಡಲದಲ್ಲಿ ಹರಡಿ, ಜಗತ್ತಿನ ದೂರದೂರದ ಭಾಗಗಳಲ್ಲಿ ತಿಂಗಳುಗಟ್ಟಲೆ ಕಡುಗೆಂಪು, ನೇರಳೆ ಸಂಜೆಗಳು ಕಂಡವು.

ಹೆಚ್ಚಿನವರು ಮರೆಯುವ ಇನ್ನೊಂದು ಪಾತ್ರಧಾರಿ ಓಝೋನ್. ಅತಿನೇರಳೆ ಕಿರಣವನ್ನು ತಡೆಯುವುದಕ್ಕಷ್ಟೇ ಅದು ಹೆಸರಾಗಿದ್ದರೂ, ಕಿತ್ತಳೆ ಮತ್ತು ಹಳದಿ ಬೆಳಕನ್ನೂ ಅದು ಸ್ವಲ್ಪ ಹೀರಿಕೊಳ್ಳುತ್ತದೆ. ಹಗಲಿನಲ್ಲಿ ಇದು ಗಮನಕ್ಕೆ ಬಾರದಷ್ಟು ಚಿಕ್ಕದು. ಸೂರ್ಯ ಮುಳುಗಿದ ಮೇಲೆ ಮಾತ್ರ ಬೆಳಕು ಓಝೋನ್ ಪದರದೊಳಗೆ ಓರೆಯಾಗಿ ನೂರಾರು ಕಿಲೋಮೀಟರ್ ಸಾಗಬೇಕಾಗುವುದರಿಂದ ಲೆಕ್ಕ ಬದಲಾಗುತ್ತದೆ. ರೇಲೀ ನಿಯಮವೊಂದೇ ಇದ್ದಿದ್ದರೆ ಮುಸ್ಸಂಜೆಯಲ್ಲಿ ನೆತ್ತಿಯ ಮೇಲಿನ ಆಕಾಶ ಹಳದಿ ಛಾಯೆಯ ಬೂದಾಗಬೇಕಿತ್ತು. ಅದು ಕಡುನೀಲಿಯಾಗಿಯೇ ಉಳಿಯುವುದು ಮುಖ್ಯವಾಗಿ ಓಝೋನ್‌ನಿಂದ ಎಂದು ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಹಲ್ಬರ್ಟ್ 1953ರಲ್ಲಿ ತೋರಿಸಿದರು. ಸಿಮ್ಯುಲೇಟರ್‌ನ ಮುಸ್ಸಂಜೆ ಏಕೋ ಕೊಳೆಯಾದಂತೆ ಕಂಡರೆ ಅನುಮಾನಿಸಬೇಕಾದ ಮೊದಲ ಸಂಗತಿ ಇದು.

ಬಣ್ಣದ ಪರದೆಯಿಂದ ಬೆಳಕಿನ ಲೆಕ್ಕಕ್ಕೆ

ಹಳೆಯ ಸಿಮ್ಯುಲೇಟರ್‌ಗಳ ಆಕಾಶ ನಾಟಕದ ರಂಗದ ಹಿಂದೆ ಇಳಿಬಿಟ್ಟ ಬಣ್ಣದ ಪರದೆಯಂಥದು. ಬೆಳಗಿಗೆ ಒಂದು, ಮಧ್ಯಾಹ್ನಕ್ಕೆ ಒಂದು, ಸಂಜೆಗೆ ಒಂದು ಚಿತ್ರವನ್ನು ಮೊದಲೇ ಬರೆದಿಟ್ಟು, ಗಡಿಯಾರಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೊರಳಿಸುವುದು ಅದರ ವಿಧಾನ. ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ನಲ್ಲೂ ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್‌ನ ಹಳೆಯ ಆವೃತ್ತಿಗಳಲ್ಲೂ ಆಕಾಶದ ಬಣ್ಣ ಇಂಥ ಚಿತ್ರ ಕಡತಗಳಿಂದ ಬರುತ್ತಿತ್ತು. ಹಾಗಾಗಿ ಆಗಿನ ಆಡ್-ಆನ್‌ಗಳ ಕೆಲಸ ಸುಲಭವಾಗಿತ್ತು: ನಿಜವಾದ ಸೂರ್ಯಾಸ್ತದ ಛಾಯಾಚಿತ್ರಗಳನ್ನು ನೋಡಿ ಚೆಂದದ ಚಿತ್ರಗಳನ್ನು ತಯಾರಿಸಿ ಹಳೆಯವುಗಳ ಜಾಗದಲ್ಲಿ ಇಡುವುದು.

ಈ ಚಿತ್ರಗಳಲ್ಲಿ ಕೆಲವು ನಿಜಕ್ಕೂ ಸುಂದರವಾಗಿದ್ದವು. ತೊಂದರೆ ಇದ್ದದ್ದು ಅವು ಬೇರಾವುದರೊಂದಿಗೂ ಹೊಂದಿಕೊಳ್ಳದಿರುವುದರಲ್ಲಿ. ಆಕಾಶದ ಕೆಂಪಿಗೂ ರನ್‌ವೇಯ ಮೇಲಿನ ಬೆಳಕಿಗೂ ಎಷ್ಟೋ ಬಾರಿ ಹೊಂದಿಕೆ ಇರುತ್ತಿರಲಿಲ್ಲ. ಮಂಜು ಕವಿದ ದಿನವೂ ಸ್ವಚ್ಛ ದಿನದ ಸಂಜೆಯೇ ಬರುತ್ತಿತ್ತು. ನೆಲದಲ್ಲಿ ನಿಂತು ತೆಗೆದ ಛಾಯಾಚಿತ್ರದಂತಿದ್ದ ಆಕಾಶ ಮೂವತ್ತಾರು ಸಾವಿರ ಅಡಿಯಲ್ಲೂ ಹಾಗೆಯೇ ಕಾಣುತ್ತಿತ್ತು.

ಬೆಳಕಿನ ಚದುರುವಿಕೆಯನ್ನೇ ಲೆಕ್ಕ ಹಾಕಿ ಆಕಾಶ ಬರೆಯುವ ದಾರಿಯನ್ನು ಜಪಾನಿನ ಟೊಮೊಯುಕಿ ನಿಶಿಟಾ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ತೋರಿಸಿದ್ದರು. ವಿಧಾನ ಹೀಗಿದೆ. ಕಣ್ಣಿನಿಂದ ತೆರೆಯ ಒಂದು ಚುಕ್ಕೆಯ ದಿಕ್ಕಿಗೆ ಒಂದು ಗೆರೆ ಎಳೆದು, ಅದರ ಮೇಲೆ ಅಲ್ಲಲ್ಲಿ ನಿಂತು, ಇಲ್ಲಿ ಗಾಳಿ ಎಷ್ಟು ದಟ್ಟವಾಗಿದೆ, ಸೂರ್ಯನ ಬೆಳಕು ಇಲ್ಲಿಗೆ ಬರುವಷ್ಟರಲ್ಲಿ ಎಷ್ಟು ಕಳೆದುಕೊಂಡಿದೆ, ಅದರಲ್ಲಿ ಎಷ್ಟು ನನ್ನ ಕಡೆಗೆ ತಿರುಗುತ್ತದೆ, ತಿರುಗಿದ್ದು ನನ್ನವರೆಗೆ ಬರುವಾಗ ಮತ್ತೆಷ್ಟು ಕಳೆಯುತ್ತದೆ ಎಂದು ಕೇಳುತ್ತಾ ಎಲ್ಲವನ್ನೂ ಕೂಡುತ್ತಾ ಹೋಗುವುದು. ಗಾಳಿಯ ಸಾಂದ್ರತೆ ಎತ್ತರಕ್ಕೆ ಹೋದಂತೆ ಸುಮಾರು 8 ಕಿಲೋಮೀಟರಿಗೊಮ್ಮೆ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಏರೋಸಾಲ್ ನೆಲಕ್ಕೆ ಅಂಟಿಕೊಂಡಂತಿರುವುದರಿಂದ ಅದಕ್ಕೆ ಸಾಮಾನ್ಯವಾಗಿ 1.2 ಕಿಲೋಮೀಟರ್ ಎಂದು ಹಿಡಿಯುತ್ತಾರೆ.

ಇಷ್ಟೆಲ್ಲವನ್ನು ಇಪ್ಪತ್ತು ಲಕ್ಷ ಚುಕ್ಕೆಗಳಿಗೆ, ಸೆಕೆಂಡಿಗೆ ಮೂವತ್ತೋ ಅರುವತ್ತೋ ಬಾರಿ ಮಾಡುವುದು ಆಗಿನ ಯಂತ್ರಗಳಿಗೆ ಅಸಾಧ್ಯವಾಗಿತ್ತು. 2008ರಲ್ಲಿ ಎರಿಕ್ ಬ್ರೂನೆಟನ್ ಮತ್ತು ಫ್ಯಾಬ್ರಿಸ್ ನೇರೆ ಉತ್ತರಗಳನ್ನು ಮೊದಲೇ ಕೋಷ್ಟಕಗಳಲ್ಲಿ ತುಂಬಿಟ್ಟುಕೊಂಡು ಹಾರುವಾಗ ಬರಿದೆ ಓದಿಕೊಳ್ಳುವ ಉಪಾಯ ಕೊಟ್ಟರು. ಒಮ್ಮೆ ಚದುರಿದ ಬೆಳಕು ಮತ್ತೆ ಮತ್ತೆ ಚದುರುವುದನ್ನೂ ಅವರ ಲೆಕ್ಕ ಒಳಗೊಂಡಿತ್ತು. ಇದು ಸಣ್ಣ ಸಂಗತಿಯಲ್ಲ. ಒಂದೇ ಚದುರುವಿಕೆಯನ್ನು ಲೆಕ್ಕಕ್ಕೆ ಹಿಡಿದರೆ ಮುಸ್ಸಂಜೆ ಬೇಗನೆ ಕತ್ತಲಾಗುತ್ತದೆ, ಏಕೆಂದರೆ ಭೂಮಿಯ ನೆರಳಿನೊಳಗಿರುವ ಗಾಳಿಗೆ ಬೆಳಕು ಬರುವುದೇ ಎರಡನೆಯ, ಮೂರನೆಯ ಚದುರುವಿಕೆಯಿಂದ. 2020ರಲ್ಲಿ ಸೆಬಾಸ್ಟಿಯನ್ ಹಿಲೇರ್ ಈ ಕೋಷ್ಟಕಗಳನ್ನು ಎಷ್ಟು ಚಿಕ್ಕದಾಗಿಸಿದರೆಂದರೆ, ಗಾಳಿಯ ಗುಣ ಬದಲಾದಂತೆ ಅವನ್ನು ಹಾರಾಟದ ನಡುವೆಯೇ ಹೊಸದಾಗಿ ಲೆಕ್ಕ ಹಾಕಬಹುದು.

ಸಿಮ್ಯುಲೇಟರ್‌ಗಳೂ ಇದೇ ದಾರಿ ಹಿಡಿದವು. ಲಾಕ್‌ಹೀಡ್ ಮಾರ್ಟಿನ್‌ನ ಪ್ರಿಪೇರ್‌ಡ್, 2020ರ ಐದನೆಯ ಆವೃತ್ತಿಯಲ್ಲಿ, ಟ್ರೂಸ್ಕೈ ಎಂಬ ತಂತ್ರಾಂಶದ ನೆರವಿನಿಂದ ಆಕಾಶವನ್ನೂ ಮೋಡವನ್ನೂ ಲೆಕ್ಕ ಹಾಕುವ ಆಯ್ಕೆ ಕೊಟ್ಟಿತು. ಮೈಕ್ರೋಸಾಫ್ಟ್‌ನದು ಅದೇ ವರ್ಷ ಬಂತು. 2022ರ ಎಕ್ಸ್-ಪ್ಲೇನ್ 12 ಬೆಳಕನ್ನು ನಿಜವಾದ ಅಳತೆಯ ಮಾನಗಳಲ್ಲಿಯೇ ಲೆಕ್ಕ ಹಿಡಿಯುವ ಪದ್ಧತಿಗೆ ಬಂದಿತು. ಇದರೊಂದಿಗೆ ಆಡ್-ಆನ್ ತಯಾರಕರ ಕೆಲಸದ ಸ್ವರೂಪವೇ ಬದಲಾಯಿತು. ಬದಲಿಸಲು ಚಿತ್ರವೇ ಇಲ್ಲ. ಬದಲಿಸಬಹುದಾದದ್ದು ಲೆಕ್ಕದೊಳಗಿನ ಅಂಕಿಗಳನ್ನು. ಎಕ್ಸ್-ಪ್ಲೇನ್ 11ರ ಕಾಲದಲ್ಲಿ ಹವ್ಯಾಸಿಗಳು ಲುವಾ ಭಾಷೆಯ ಪುಟ್ಟ ಸ್ಕ್ರಿಪ್ಟ್‌ಗಳಿಂದ ಸಿಮ್ಯುಲೇಟರ್‌ನ ಒಳಗಿನ ಅಂಕಿಗಳನ್ನು ತಿರುಚಿ ನೀಲಿಯನ್ನು ಗಾಢವಾಗಿಸುತ್ತಿದ್ದರು. ಆ ಅಂಕಿಗಳು ತಯಾರಕರ ಸ್ವಂತ ಬಳಕೆಗೆ ಇದ್ದಂಥವಾದ್ದರಿಂದ ಮುಂದಿನ ಅಪ್‌ಡೇಟ್‌ನಲ್ಲಿ ಅವು ಹಾಗೆಯೇ ಇರುತ್ತವೆಂಬ ಭರವಸೆ ಇರಲಿಲ್ಲ. ಪ್ರಿಪೇರ್‌ಡ್‌ನಲ್ಲಿ ಶೇಡರ್ ಕಡತಗಳು ಓದಬಹುದಾದ ಪಠ್ಯವಾಗಿಯೇ ಇದ್ದುದರಿಂದ ಅವನ್ನು ತಿದ್ದುವ ಆಡ್-ಆನ್‌ಗಳು ಬಂದವು. ತಿದ್ದಿದ ಮೇಲೆ ಹಳೆಯ ಶೇಡರ್ ಕ್ಯಾಶೆಯನ್ನು, ಅಂದರೆ ಸಿಮ್ಯುಲೇಟರ್ ಮೊದಲೇ ಸಿದ್ಧಪಡಿಸಿ ಉಳಿಸಿಟ್ಟ ಶೇಡರ್‌ಗಳನ್ನು, ಅಳಿಸಬೇಕಿತ್ತು, ಇಲ್ಲದಿದ್ದರೆ ಎಷ್ಟು ತಿದ್ದಿದರೂ ಆಕಾಶ ಮೊದಲಿನಂತೆಯೇ ಕಾಣುತ್ತಿತ್ತು.

ಮೆಟಾರ್ ಹೇಳದೆ ಬಿಡುವ ಸಂಗತಿಗಳು

ಲೆಕ್ಕದ ವಿಧಾನ ಸರಿಯಾದ ಮೇಲೆ ಉಳಿಯುವ ಪ್ರಶ್ನೆ ಅದಕ್ಕೆ ಉಣಿಸುವ ಮಾಹಿತಿಯದು. ಈ ಲೇಖಕನ ದೃಷ್ಟಿಯಲ್ಲಿ ಇಂದಿನ ಆಡ್-ಆನ್‌ಗಳ ನಡುವಿನ ವ್ಯತ್ಯಾಸ ಹೆಚ್ಚಾಗಿ ಇಲ್ಲಿಯೇ ಇದೆ, ಮತ್ತು ಚರ್ಚೆ ಅತಿ ಕಡಿಮೆಯಾಗುವುದೂ ಇದರ ಬಗೆಗೇ.

ವಿಮಾನ ನಿಲ್ದಾಣಗಳು ಸಾಮಾನ್ಯವಾಗಿ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಹೊರಡಿಸುವ ಹವಾಮಾನ ವರದಿಗೆ ಮೆಟಾರ್ ಎಂದು ಹೆಸರು. ಅದು ಪೈಲಟ್‌ಗಳು ಸುರಕ್ಷಿತವಾಗಿ ಇಳಿಯಲಿ, ಏರಲಿ ಎಂದು ಬರೆಯುವ ವರದಿಯೇ ಹೊರತು ಆಕಾಶದ ಬಣ್ಣ ತಿಳಿಸಲು ಅಲ್ಲ. ಎಷ್ಟು ದೂರ ಕಣ್ಣು ಹಾಯುತ್ತದೆ ಎಂಬುದನ್ನು ಅದು ಹೆಚ್ಚಿನ ದೇಶಗಳಲ್ಲಿ ಮೀಟರುಗಳಲ್ಲಿ ಹೇಳುತ್ತದೆ. ಆದರೆ 10 ಕಿಲೋಮೀಟರ್ ಮುಟ್ಟಿದ ಮೇಲೆ 9999 ಎಂದು ಬರೆದು ಸುಮ್ಮನಾಗುತ್ತದೆ. ಇಳಿಯುವ ಪೈಲಟ್‌ಗೆ ಅಷ್ಟು ಸಾಕು. ಸಂಜೆಯ ಬಣ್ಣಕ್ಕೆ ಮಾತ್ರ ಸಾಲದು. 12 ಕಿಲೋಮೀಟರ್ ಕಾಣುವ ಗಾಳಿಗೂ 60 ಕಿಲೋಮೀಟರ್ ಕಾಣುವ ಗಾಳಿಗೂ ಮಸುಕಿನಲ್ಲಿ ಸುಮಾರು ಐದು ಪಟ್ಟು ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಸೂರ್ಯ ಮಂಕಾಗಿ ಮುಳುಗುತ್ತಾನೆ, ಎರಡನೆಯದರಲ್ಲಿ ದಿಗಂತದವರೆಗೂ ಹೊಳೆಯುತ್ತಾನೆ. ವರದಿಯಲ್ಲಿ ಮಾತ್ರ ಎರಡಕ್ಕೂ ಅದೇ ನಾಲ್ಕು ಒಂಬತ್ತುಗಳು.

ಮೋಡದ ವಿಚಾರದಲ್ಲೂ ಹೀಗೆಯೇ. ವರದಿಯಲ್ಲಿ ‘ಕ್ಯಾವೋಕೆ’ ಎಂದಿದ್ದರೆ ಆಕಾಶ ಖಾಲಿ ಎಂದು ಹಲವರು ತಿಳಿಯುತ್ತಾರೆ. ಅದರ ನಿಜವಾದ ಅರ್ಥ 10 ಕಿಲೋಮೀಟರ್ ಅಥವಾ ಹೆಚ್ಚು ದೂರ ಕಾಣುತ್ತದೆ, ಸಾಮಾನ್ಯವಾಗಿ 5,000 ಅಡಿಗಿಂತ ಕೆಳಗೆ ಮೋಡವಿಲ್ಲ, ಗುಡುಗಿನ ಮೋಡಗಳಿಲ್ಲ, ಹೇಳಬೇಕಾದ ಮಳೆಗಾಳಿಯೂ ಇಲ್ಲ ಎಂದು. ಅಮೆರಿಕದ ಸ್ವಯಂಚಾಲಿತ ಕೇಂದ್ರಗಳು ಸಾಮಾನ್ಯವಾಗಿ 12,000 ಅಡಿಗಿಂತ ಮೇಲಿನ ಮೋಡವನ್ನು ವರದಿ ಮಾಡುವುದೇ ಇಲ್ಲ. ಸಂಜೆಯಲ್ಲಿ ಅತಿ ಹೆಚ್ಚು ಹೊತ್ತು ಬಣ್ಣ ಹಿಡಿದಿಡುವ ಎಳೆಮೋಡಗಳು, ಅಂದರೆ ಸಿರಸ್, ಇರುವುದು ಇಪ್ಪತ್ತು, ಮೂವತ್ತು ಸಾವಿರ ಅಡಿಯ ಎತ್ತರದಲ್ಲಿ. ಮೆಟಾರ್ ಒಂದನ್ನೇ ನಂಬಿದ ಆಡ್-ಆನ್ ಅವನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಅಂದಾಜಿನಿಂದ ಸೇರಿಸುತ್ತದೆ.

ಹವಾಮಾನದ ಗಣಕ ಮಾದರಿಗಳು ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ. ಮೈಕ್ರೋಸಾಫ್ಟ್ 2020ರಲ್ಲಿ ಸ್ವಿಟ್ಸರ್ಲೆಂಡಿನ ಮೀಟಿಯೊಬ್ಲೂ ಸಂಸ್ಥೆಯ ಮಾದರಿಯಿಂದ ಹವಾಮಾನ ಪಡೆಯತೊಡಗಿತು. ಆಮೇಲೆ ಮೆಟಾರ್ ವರದಿಗಳನ್ನೂ ಅದರೊಂದಿಗೆ ಬೆರೆಸಿತು. ಮಾದರಿಯಲ್ಲಿ ಎತ್ತರದ ಮೋಡಗಳಿರುತ್ತವೆ, ಎರಡು ನಿಲ್ದಾಣಗಳ ನಡುವಿನ ಸಮುದ್ರ, ಮರುಭೂಮಿಗಳ ಮೇಲಿನ ಸ್ಥಿತಿಯೂ ಇರುತ್ತದೆ. ದೂಳು, ಹೊಗೆ, ಉಪ್ಪಿನ ಕಣಗಳ ಜಾಗತಿಕ ಮುನ್ಸೂಚನೆಯನ್ನು ಯುರೋಪಿನ ಕೋಪರ್ನಿಕಸ್ ವಾತಾವರಣ ನಿಗಾ ಸೇವೆ ಪ್ರತಿದಿನ ಪ್ರಕಟಿಸುತ್ತದೆ. ಹಾಗಾಗಿ ಆಡ್-ಆನ್ ಒಂದು ನೈಜ ಸಂಜೆ ಕೊಡುತ್ತೇನೆಂದಾಗ ಕೇಳಬೇಕಾದ ಪ್ರಶ್ನೆ: ಗಾಳಿಯಲ್ಲಿನ ಕಣಗಳ ಪ್ರಮಾಣವನ್ನು ಅದು ಎಲ್ಲಿಂದ ಪಡೆಯುತ್ತದೆ? ಮೈಕ್ರೋಸಾಫ್ಟ್ 2020ರ ಹವಾಮಾನ ಫಲಕದಲ್ಲಿ ಏರೋಸಾಲ್ ಸಾಂದ್ರತೆಗೆಂದೇ ಒಂದು ಸ್ಲೈಡರ್ ಇದೆ. ಸೂರ್ಯ ದಿಗಂತದಿಂದ ಐದಾರು ಡಿಗ್ರಿ ಮೇಲಿರುವಂತೆ ಸಮಯ ನಿಲ್ಲಿಸಿ ಅದನ್ನು ಮೆಲ್ಲಗೆ ಎಳೆದು ನೋಡಿದರೆ, ಈವರೆಗೆ ಹೇಳಿದ್ದೆಲ್ಲ ಕಣ್ಣೆದುರಿಗೇ ನಡೆಯುತ್ತದೆ: ಮೊದಲು ದೂರದ ಬೆಟ್ಟದ ಅಂಚು ಕರಗುತ್ತದೆ, ಆಮೇಲೆ ಸೂರ್ಯನ ಸುತ್ತಲಿನ ಪ್ರಭೆ ಅಗಲವಾಗುತ್ತದೆ, ಕೊನೆಗೆ ಇಡೀ ಪಶ್ಚಿಮ ಒಂದೇ ಮಂಕು ಬಣ್ಣಕ್ಕೆ ತಿರುಗುತ್ತದೆ.

ವರದಿ ಬದಲಾದ ಕ್ಷಣದಲ್ಲಿ ಆಕಾಶ ಥಟ್ಟನೆ ಬಣ್ಣ ಬದಲಿಸುವುದೂ ಈ ಅಂಕಿಗಳು ಒಮ್ಮೆಗೇ ಬದಲಾಗುವುದರಿಂದ. ಹಳೆಯ ಅಂಕಿಯಿಂದ ಹೊಸ ಅಂಕಿಗೆ ನಿಧಾನವಾಗಿ ಜಾರುವ ವ್ಯವಸ್ಥೆ ಒಳ್ಳೆಯ ಆಡ್-ಆನ್‌ಗಳಲ್ಲಿ ಇರುತ್ತದೆ.

ಮೂವತ್ತಾರು ಸಾವಿರ ಅಡಿಯ ಸಂಜೆ

ನೆಲದಲ್ಲಿ ನಿಂತವರಿಗೆ ಸೂರ್ಯ ಮುಳುಗಿದ ಮೇಲೂ ಎತ್ತರದಲ್ಲಿ ಹಾರುವವರಿಗೆ ಮುಳುಗಿರುವುದಿಲ್ಲ. 36,000 ಅಡಿಯಿಂದ ದಿಗಂತ ಸುಮಾರು 370 ಕಿಲೋಮೀಟರ್ ಆಚೆ ಇರುತ್ತದೆ, ಮತ್ತು ಅದು ಕಣ್ಣಿನ ಮಟ್ಟಕ್ಕಿಂತ ಮೂರು ಡಿಗ್ರಿಗೂ ತುಸು ಕೆಳಗೆ ಕಾಣುತ್ತದೆ. ಸಮಭಾಜಕದ ಹತ್ತಿರ ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ, ಇಷ್ಟಕ್ಕೇ ಸುಮಾರು 13 ನಿಮಿಷ ಹೆಚ್ಚು ಸಿಗುತ್ತದೆ. ಪಶ್ಚಿಮಕ್ಕೆ ಹಾರುತ್ತಿದ್ದರೆ ಇನ್ನೂ ಹೆಚ್ಚು: 60 ಡಿಗ್ರಿ ಅಕ್ಷಾಂಶದಲ್ಲಿ ಭೂಮಿಯ ಮೇಲ್ಮೈ ತಿರುಗುವ ವೇಗ ಗಂಟೆಗೆ ಸುಮಾರು 835 ಕಿಲೋಮೀಟರ್; ಸಾಮಾನ್ಯ ಜೆಟ್ ವಿಮಾನವೊಂದು ಅಷ್ಟು ವೇಗದಲ್ಲಿ ಹೋಗಬಲ್ಲದಾದ್ದರಿಂದ ಸೂರ್ಯಾಸ್ತ ಗಂಟೆಗಟ್ಟಲೆ ಹಾಗೆಯೇ ನಿಂತುಬಿಡುತ್ತದೆ. ಸಿಮ್ಯುಲೇಟರ್‌ನಲ್ಲಿ ಸಂಜೆ ಮುಗಿಯುತ್ತಲೇ ಇಲ್ಲ ಎಂದು ದೋಷವೆಂದುಕೊಂಡವರು ತಮ್ಮ ಹಾರಾಟದ ದಿಕ್ಕನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಆ ಎತ್ತರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗಾಳಿಯೂ ಬಹುಪಾಲು ದೂಳೂ ವಿಮಾನದ ಕೆಳಗಿರುತ್ತವೆ. ಆದ್ದರಿಂದ ನೆತ್ತಿಯ ಆಕಾಶ ಹಗಲಲ್ಲೂ ಕಡುನೀಲಿ. ಸಂಜೆಯ ಕಿತ್ತಳೆ ದಿಗಂತಕ್ಕೆ ಒತ್ತಿದ ತೆಳುವಾದ ಪಟ್ಟಿಯಾಗಿ ಕಾಣುತ್ತದೆಯೇ ಹೊರತು ಅರ್ಧ ಆಕಾಶಕ್ಕೆ ಹರಡುವುದಿಲ್ಲ.

ಮೋಡಗಳು ಬಣ್ಣ ಕಳೆದುಕೊಳ್ಳುವ ಕ್ರಮವೂ ಎತ್ತರವನ್ನೇ ಅವಲಂಬಿಸಿದೆ. ಸಮಭಾಜಕದ ಬಳಿ, ನೆತ್ತಿಯ ಮೇಲೆ 2 ಕಿಲೋಮೀಟರ್ ಎತ್ತರದ ಮೋಡಕ್ಕೆ ನೆಲದ ಸೂರ್ಯಾಸ್ತವಾದ ಸುಮಾರು 6 ನಿಮಿಷಕ್ಕೆ ನೇರ ಬೆಳಕು ತಪ್ಪುತ್ತದೆ. 10 ಕಿಲೋಮೀಟರ್ ಎತ್ತರದ ಸಿರಸ್‌ಗೆ ತಪ್ಪುವುದು ಸುಮಾರು 13 ನಿಮಿಷಕ್ಕೆ. ಅಂದರೆ ಕೆಳಗಿನ ಮೋಡಗಳು ಬೂದಿಯ ಬಣ್ಣಕ್ಕೆ ತಿರುಗಿದ ಮೇಲೂ ಮೇಲಿನ ಎಳೆಮೋಡಗಳು ಕೆಂಪಗೆ ಉರಿಯುತ್ತಿರುತ್ತವೆ. ಎಲ್ಲ ಮೋಡಗಳೂ ಒಟ್ಟಿಗೆ ಕೆಂಪಾಗಿ ಒಟ್ಟಿಗೆ ಆರಿಹೋದರೆ, ಅಲ್ಲಿ ಮೋಡಕ್ಕೆ ಬೆಳಕಿನ ಲೆಕ್ಕವಿಲ್ಲ, ಗಡಿಯಾರಕ್ಕೆ ಕಟ್ಟಿದ ಬಣ್ಣವಿದೆ ಎಂದು ತಿಳಿಯಬಹುದು.

ಮಾನಿಟರ್ ಎಂಬ ಕೊನೆಯ ಅಡ್ಡಿ

ನಡುಹಗಲಿನ ಸೂರ್ಯಬಿಂಬದ ಪ್ರಕಾಶವನ್ನು ಅಳತೆಯ ಮಾನದಲ್ಲಿ ಹೇಳಿದರೆ ಸುಮಾರು 160 ಕೋಟಿ ನಿಟ್. ಸಾಧಾರಣ ಮಾನಿಟರ್ ಕೊಡಬಲ್ಲದ್ದು 300ರ ಆಸುಪಾಸು. ಮುಳುಗುವ ಸೂರ್ಯ ಇದಕ್ಕಿಂತ ಬಹಳ ಮಂಕಾದರೂ ಮಾನಿಟರ್‌ನ ಶಕ್ತಿಗೆ ಮೀರಿದವನೇ. ಹಾಗಾಗಿ ಲೆಕ್ಕದಿಂದ ಬಂದ ಪ್ರಕಾಶವನ್ನು ತೆರೆಗೆ ಹಿಡಿಸುವಷ್ಟು ಕುಗ್ಗಿಸಬೇಕು. ಈ ಕುಗ್ಗಿಸುವಿಕೆಗೆ ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಭೌತಶಾಸ್ತ್ರ ಇಲ್ಲಿಗೆ ಮುಗಿದು ಅಭಿರುಚಿ ಶುರುವಾಗುತ್ತದೆ.

ಒರಟಾದ ಕುಗ್ಗಿಸುವಿಕೆಯಿಂದ ಬಣ್ಣವೇ ಬದಲಾಗಬಹುದು. ಕಿತ್ತಳೆ ಎಂದರೆ ಕೆಂಪು ಬಹಳ, ಹಸಿರು ಸ್ವಲ್ಪ, ನೀಲಿ ಇಲ್ಲವೆನ್ನುವಷ್ಟು. ಪ್ರಕಾಶ ಏರುತ್ತಾ ಹೋದರೆ ಕೆಂಪು ಮೊದಲು ತನ್ನ ಗರಿಷ್ಠ ಮಿತಿ ಮುಟ್ಟಿ ನಿಲ್ಲುತ್ತದೆ, ಹಸಿರು ಏರುತ್ತಲೇ ಇರುತ್ತದೆ. ಫಲವಾಗಿ ಸೂರ್ಯನ ಸುತ್ತ ಕಿತ್ತಳೆ ಇರಬೇಕಾದಲ್ಲಿ ಗಾಢ ಹಳದಿ ಕಾಣುತ್ತದೆ. ಸಿಮ್ಯುಲೇಟರ್‌ನ ಸಂಜೆ ಹಳದಿಯಾಯಿತು ಎಂಬ ದೂರಿಗೆ ಎಷ್ಟೋ ಬಾರಿ ವಾತಾವರಣದ ತಪ್ಪು ಕಾರಣವಲ್ಲ, ಇದು ಕಾರಣ. ರೀಶೇಡ್‌ನಂಥ ಸಾಧನಗಳು ಕೆಲಸ ಮಾಡುವುದು ಈ ಹಂತ ದಾಟಿದ ಮೇಲೆ, ತಯಾರಾದ ಚಿತ್ರದ ಮೇಲೆ. ಅವು ಬಣ್ಣವನ್ನು ಹೆಚ್ಚಿಸಬಲ್ಲವು, ಮಿತಿ ಮುಟ್ಟಿ ಕಳೆದುಹೋದದ್ದನ್ನು ಮರಳಿ ತರಲಾರವು.

ಆಕಾಶದಲ್ಲಿ ಅಡ್ಡಡ್ಡ ಪಟ್ಟಿಗಳು ಕಾಣುವುದು ಇನ್ನೊಂದು ಸಾಮಾನ್ಯ ದೂರು. ಸಾಧಾರಣ ಮಾನಿಟರ್‌ನಲ್ಲಿ ಒಂದೊಂದು ಮೂಲಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುತ್ತವೆ. ಸಾವಿರ ಪಿಕ್ಸೆಲ್ ಎತ್ತರದ ಆಕಾಶದಲ್ಲಿ ಬಣ್ಣ ಐವತ್ತು ಮೆಟ್ಟಿಲು ಮಾತ್ರ ಬದಲಾದರೆ ಪ್ರತಿ ಮೆಟ್ಟಿಲೂ 20 ಪಿಕ್ಸೆಲ್ ಅಗಲದ ಪಟ್ಟಿಯಾಗುತ್ತದೆ, ಅದು ಕಣ್ಣಿಗೆ ಬೀಳುತ್ತದೆ. 1,024 ಮೆಟ್ಟಿಲುಗಳ 10 ಬಿಟ್ ತೆರೆಯಲ್ಲಿ ಇದು ಬಹುಮಟ್ಟಿಗೆ ಮರೆಯಾಗುತ್ತದೆ. ಇಲ್ಲದಿದ್ದರೆ ಕಣ್ಣಿಗೆ ತಿಳಿಯದಷ್ಟು ಸಣ್ಣ ಕಾಳುಕಾಳನ್ನು ಬೆರೆಸಿ ಅಂಚುಗಳನ್ನು ಒಡೆಯುವ ಉಪಾಯವನ್ನು ತಯಾರಕರು ಬಳಸುತ್ತಾರೆ.

ಆಡ್-ಆನ್‌ನ ಆಕಾಶವನ್ನು ಪರೀಕ್ಷಿಸುವುದು ಹೇಗೆ?

ಪ್ರಚಾರದ ಚಿತ್ರಗಳು ಯಾವಾಗಲೂ ಪಶ್ಚಿಮದತ್ತ ಮುಖ ಮಾಡಿರುತ್ತವೆ. ಪರೀಕ್ಷೆಗೆ ಪೂರ್ವವೇ ಒಳ್ಳೆಯದು. ಮೋಡವಿಲ್ಲದ ಹವಾಮಾನ ಇಟ್ಟು, ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ವಿಮಾನವನ್ನು ಹಿಂದಕ್ಕೆ ತಿರುಗಿಸಿದರೆ, ದಿಗಂತದ ಮೇಲೆ ಬೂದುನೀಲಿಯ ಪಟ್ಟಿಯೊಂದು ಏರುತ್ತಿರಬೇಕು. ಅದು ಭೂಮಿಯ ನೆರಳು. ಅದರ ಮೇಲಂಚಿಗೆ ಮಾಸಲು ಗುಲಾಬಿಯ ಪಟ್ಟಿ ಇರಬೇಕು. ಸೂರ್ಯಾಸ್ತದ ಕೆಂಪು ಬೆಳಕು ಎದುರಿನ ಗಾಳಿಗೆ ತಗುಲಿ ಹಿಂದಿರುಗುವುದರಿಂದ ಇದು ಮೂಡುತ್ತದೆ. ಪಶ್ಚಿಮವನ್ನು ಯಾರು ಬೇಕಾದರೂ ಚೆಂದಗಾಣಿಸಬಹುದು, ಪೂರ್ವದ ಈ ಜೋಡಿ ಪಟ್ಟಿ ಲೆಕ್ಕ ಸರಿಯಿದ್ದರೆ ಮಾತ್ರ ಬರುತ್ತದೆ.

ಅದೇ ಹೊತ್ತಿಗೆ ನೆತ್ತಿ ನೋಡಬೇಕು: ಕಡುನೀಲಿ ಇದ್ದರೆ ಓಝೋನ್ ಲೆಕ್ಕದಲ್ಲಿದೆ. ರೆಕ್ಕೆ ಮತ್ತು ರನ್‌ವೇಯ ಮೇಲೆ ಬಿದ್ದ ಬೆಳಕಿನ ಬಣ್ಣ ಸೂರ್ಯ ಮುಳುಗುವ ಮೊದಲು ಕೆಂಪಗೂ, ಮುಳುಗಿದ ಮೇಲೆ ತಣ್ಣನೆಯ ನೀಲಿಗೂ ತಿರುಗಬೇಕು. ಸೂರ್ಯಬಿಂಬದ ಗಾತ್ರ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಮಾತ್ರ; 1,920 ಪಿಕ್ಸೆಲ್ ಅಗಲದ ತೆರೆಯಲ್ಲಿ 60 ಡಿಗ್ರಿ ನೋಟವಿಟ್ಟರೆ ಅದು ಸುಮಾರು 16 ಪಿಕ್ಸೆಲ್ ಆಗುತ್ತದೆ, ಅದಕ್ಕಿಂತ ಬಹಳ ದೊಡ್ಡದಾಗಿ ಕಂಡರೆ ಪ್ರಭೆಯನ್ನು ಬಿಂಬವೆಂದು ತೋರಿಸಲಾಗಿದೆ.

ಕೊನೆಯದಾಗಿ ಗಡಿಯಾರ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗಿನ ಅವಧಿ ಮುಸ್ಸಂಜೆಯ ಮೊದಲ ಹಂತ. ಅಲ್ಲಿಯವರೆಗೆ ದೀಪವಿಲ್ಲದೆಯೂ ನೆಲದ ಮೇಲಿನ ವಸ್ತುಗಳನ್ನು ಗುರುತಿಸಬಹುದು. ಸಮಭಾಜಕದ ಹತ್ತಿರ, ಮಾರ್ಚ್ ಇಲ್ಲವೇ ಸೆಪ್ಟೆಂಬರ್‌ನ ಹಗಲಿರುಳು ಸಮನಾದ ದಿನಗಳಲ್ಲಿ ಇದಕ್ಕೆ ಸುಮಾರು 21 ನಿಮಿಷ, ಅದೇ ದಿನ 60 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು ಅದರ ಎರಡರಷ್ಟು. ಸಿಮ್ಯುಲೇಟರ್‌ನಲ್ಲಿ ಎರಡೂ ಕಡೆ ವಿಮಾನವನ್ನು ನಿಲ್ಲಿಸಿ, ಸಮಯದ ವೇಗವನ್ನು ಸಹಜಕ್ಕೆ ಬಿಟ್ಟು ನೋಡಿದಾಗ ಕತ್ತಲಾಗುವ ಹೊತ್ತು ಒಂದೇ ಆಗಿದ್ದರೆ, ಆ ಆಡ್-ಆನ್ ಸೂರ್ಯನನ್ನು ಹಿಂಬಾಲಿಸದೆ ತನ್ನದೇ ಚಿತ್ರಗಳ ಸರಣಿಯನ್ನು ಓಡಿಸುತ್ತಿದೆ.